ಶೇಕಡ 40ರ ಮನುಷ್ಯ

ಮಳವಳ್ಳಿ ಸೀಮೆಯಲ್ಲಿ ಪೆಟ್ಟಿಗೆ ಅಂಗಡಿ ಇಡುವುದು ಬ್ರಹ್ಮವಿದ್ಯೆಯೇನಲ್ಲ. ನಾಲ್ಕು ತಗಡು, ಒಂದು ಬಾಳೆಗೊನೆ, ಎಲೆಅಡಿಕೆ, ಬೀಡಿ, ತೂಗಾಡುವ ಶಾಂಪೂ ಸರ ಇದ್ದರೆ ಆಯಿತು. ಆದರೆ ಇಡುವವನಿಗೆ ಪೋಲಿಯೋ ಕಾಲಿದ್ದರೆ ಅದು ಅಂಗಡಿಯಲ್ಲ, ಸಬಲೀಕರಣ. ಸಬಲೀಕರಣಕ್ಕೆ ಕಾಗದ ಬೇಕು.

ಹಲಗೂರು ಕಡೆಯ ಅಂಥವನೊಬ್ಬ ಅಂಗಡಿ ಇಡಲು ಹೊರಟ ಅಂತಿಟ್ಟುಕೊಳ್ಳಿ. ಹೆಸರು ಬೇಡ, ಊರಿಗೊಬ್ಬ ಇದ್ದಾನೆ. ಮೊದಲು ವೈದ್ಯಕೀಯ ಮಂಡಳಿ. ಮನುಷ್ಯನಲ್ಲಿ ಏನೇನು ಇಲ್ಲ ಎಂಬುದನ್ನು ಅಲ್ಲಿ ಅಳೆಯುತ್ತಾರೆ. ಕೊರತೆ ಶೇ 39 ಎಂದು ಬಂದರೆ ಅವನು ಸೀದಾ ಗರಡಿಮನೆಗೆ ಹೋಗಬಹುದು. 40 ಮುಟ್ಟಿದರೆ ತಿಂಗಳಿಗೆ 800 ರೂಪಾಯಿ ಪಿಂಚಣಿ, 75 ದಾಟಿದರೆ 1,400. ಪಾಸಾಗಬೇಕಾದರೆ ಫೇಲಾಗಬೇಕಾದ ಪರೀಕ್ಷೆ ನಾಡಿನಲ್ಲಿ ಇದೊಂದೇ. "ಎಲ್ಲಿ, ಎದ್ದು ನಿಲ್ಲಪ್ಪ" ಎಂದರು ಡಾಕ್ಟರು. ಇವನು ಮೂವತ್ತು ವರ್ಷದ ಅಭ್ಯಾಸಬಲದಿಂದ ಗೋಡೆ ಹಿಡಿದು ಥಟ್ಟನೆ ಎದ್ದೇಬಿಟ್ಟ. ಅವ್ವ ಹಿಂದಿನಿಂದ ಶರಟು ಜಗ್ಗಿದಳು: "ಬಿದ್ಬುಡ್ಲಾ ಮಗ, ಬಿದ್ಬುಡು!"

ತೀರಾ ಹೆಚ್ಚು ಊನ, ಅಂದರೆ ಶೇ 80ರ ಮೇಲಿನ ಬಡವರಿಗೆ ದಿಲ್ಲಿಯೂ ಕೈಜೋಡಿಸುತ್ತದೆ. ಅದರ ಪಾಲು 300 ರೂಪಾಯಿ, 2012ರಲ್ಲಿ ಎಲ್ಲಿ ಕೂತಿತೋ ಅಲ್ಲಿಂದ ಎದ್ದಿಲ್ಲ. ಆ ಮೊತ್ತಕ್ಕೂ ಒಂದು ಗಾಲಿಕುರ್ಚಿ ಮಂಜೂರು ಮಾಡಬಹುದು.

ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಕೈಗೆ ಬಂದ ಮೇಲೆ ಬ್ಯಾಂಕು. ಇಲ್ಲಿ ಪ್ರಶ್ನೆಪತ್ರಿಕೆ ಉಲ್ಟಾ. ಅಲ್ಲಿ 'ನನ್ನ ಕೈಲಾಗಲ್ಲ' ಎಂದು ಸಾಬೀತು ಮಾಡಿದವನು ಇಲ್ಲಿ 'ಆಯ್ತದೆ' ಎಂದು ಸಾಬೀತು ಮಾಡಬೇಕು. ಅಂಗವಿಕಲರ ಸ್ವಯಂ ಉದ್ಯೋಗಕ್ಕೆಂದೇ ರಾಜ್ಯದಲ್ಲಿ 'ಆಧಾರ' ಎಂಬ ಯೋಜನೆ ಇದೆ. ಆಧಾರಕ್ಕೆ ಆಧಾರ್ ಬೇಕು, ಆಧಾರ್ ಪಕ್ಕದಲ್ಲಿ ಯುಡಿಐಡಿ ಬೇಕು, ಇಷ್ಟೂ ಇದ್ದ ಮೇಲೆ ಆಧಾರಕ್ಕೆ ಎರಡು ಕಾಲೂ ನೆಟ್ಟಗಿರುವ ಜಾಮೀನುದಾರ ಬೇಕು. ಆದಾಯದ ಪತ್ರ ಇನ್ನೂ ಮಜ. ಪಿಂಚಣಿಗಾದರೆ ಆದಾಯ ಮಿತಿಯೊಳಗೆ ಇರಬೇಕು, ಸಾಲಕ್ಕಾದರೆ ಕಂತು ಕಟ್ಟುವಷ್ಟು ಇರಬೇಕು. ಒಂದೇ ನಾಡಕಚೇರಿ, ಒಬ್ಬನೇ ಮನುಷ್ಯ, ಅವನು ಒಂದು ಮೇಜಿನ ಮುಂದೆ ಉಪವಾಸವಿರಬೇಕು, ಇನ್ನೊಂದರ ಮುಂದೆ ತೇಗಬೇಕು.

"ನೀವು ಅಂಗಡಿ ನಡೆಸ್ತೀರ ಅನ್ನೋದಕ್ಕೆ ಏನ್ರೀ ಗ್ಯಾರಂಟಿ?" ಎಂದರಂತೆ ಮ್ಯಾನೇಜರು.

"ಅಂಗ್ಡಿ ನಡ್ಸಾದು ಕುಂತ್ಕಂಡೇ ಅಲ್ವಾ ಸಾ, ನೀವು ಬ್ಯಾಂಕ್ ನಡ್ಸಂಗೆ."

ಸಾಲ ತಡವಾದದ್ದು ಈ ಮಾತಿನಿಂದಲೋ ಸರ್ವರ್‌ನಿಂದಲೋ ಗೊತ್ತಾಗಲಿಲ್ಲ.

ಇದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಧರೆಗೆ ದೊಡ್ಡವರೆಂದು ಕರೆಸಿಕೊಳ್ಳುವ ಈ ಸ್ವಾಮಿ ಮೈತುಂಬ ಹುಣ್ಣು, ನೊಣ ಹೊತ್ತು ಕಲ್ಯಾಣದ ಬಾಗಿಲಿಗೆ ಬಂದಾಗ ಒಳಗೆ ಬಿಟ್ಟುಕೊಳ್ಳದೆ ಅಟ್ಟಿದ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಈಗ ಕಾಲ ಸುಧಾರಿಸಿದೆ. ಯಾರೂ ಅಟ್ಟುವುದಿಲ್ಲ, ಟೋಕನ್ ಕೊಟ್ಟು ಕೂರಿಸುತ್ತಾರೆ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವಿಕಲತೆ ಇತ್ತು, 2016ರದ್ದರಲ್ಲಿ 21. ಕುಷ್ಠವೂ ಅದರಲ್ಲಿದೆ, ಆದರೆ ಅದು ವಾಸಿಯಾಗಿರಬೇಕು. ದೊಡ್ಡವರು ಹುಣ್ಣು ಹೊತ್ತೇ ಬಂದರೆ ಇವತ್ತೂ ಬಾಗಿಲಲ್ಲೇ.

ಹೆಸರು ಬದಲಿಸುವುದರಲ್ಲಿ ಮಾತ್ರ ನಮ್ಮ ವೇಗಕ್ಕೆ ಸಾಟಿಯಿಲ್ಲ. ಕುಂಟ ಹೋಗಿ ಅಂಗವಿಕಲ, ಅಂಗವಿಕಲ ಹೋಗಿ ವಿಕಲಚೇತನ, ವಿಶೇಷಚೇತನ, ಈಗ ದಿವ್ಯಾಂಗ. ದಿವ್ಯಾಂಗನಿಗೆ ರಿಯಾಯಿತಿ ಬಸ್ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್ ತನಕ ಓಡಾಡಬಹುದು. ಬಸ್ಸಿನ ಮೊದಲ ಮೆಟ್ಟಿಲು ಹತ್ತಿಸುವ ಪಾಸ್ ಇನ್ನೂ ಬಂದಿಲ್ಲ. ಇವನ ಅರ್ಜಿಗಳ ಹಿಂದೆ ಅಲೆದವನು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಅವನೂ ಅಂಗವಿಕಲನೇ. ಅವನಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಗೌರವವೇ ದಪ್ಪ.

ಡಿಸೆಂಬರ್ 3ಕ್ಕೆ ಅಂಗವಿಕಲರ ದಿನದ ಸಮಾರಂಭ. ವೇದಿಕೆಗೆ ಐದು ಮೆಟ್ಟಿಲು, ಇಳಿಜಾರು ಇಲ್ಲ. ಸನ್ಮಾನಕ್ಕೆ ಇವನನ್ನು ನಾಲ್ಕು ಜನ ಗೌರಿಗಣೇಶನಂತೆ ಎತ್ತಿ ಮೇಲೆ ಕೂರಿಸಿದರು, ಫೋಟೊ ಆದ ಮೇಲೆ ಇಳಿಸಲು ಇಬ್ಬರೇ ಉಳಿದಿದ್ದರು. ಭಾಷಣಕಾರರು ಕೆ.ಎಸ್. ರಾಜಣ್ಣನವರನ್ನು ನೆನೆದರು. ನೆನೆಯಲೇಬೇಕು, ಮಂಡ್ಯ ಜಿಲ್ಲೆಯವರೇ. ಎಳೆಯ ವಯಸ್ಸಿನಲ್ಲೇ ಪೋಲಿಯೋಗೆ ಕೈಕಾಲು ಕಳೆದುಕೊಂಡು, ತಾವೇ ಉದ್ಯಮಿಯಾಗಿ, 2013ರಲ್ಲಿ ರಾಜ್ಯದ ಅಂಗವಿಕಲರ ಆಯುಕ್ತರಾದವರು. 2024ರ ಮೇ ತಿಂಗಳಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದಲ್ಲಿ ಮೊಣಕಾಲ ಮೇಲೆ ನಡೆದುಹೋದರು. ಆಸರೆಗೆಂದು ಯೋಧನೊಬ್ಬ ಚಾಚಿದ ಕೈಯನ್ನು ಬೇಡವೆಂದರು. ದೇಶವೆಲ್ಲ ಆ ವಿಡಿಯೊ ನೋಡಿ ಕಣ್ಣೊರೆಸಿಕೊಂಡಿತು. ನಮ್ಮ ಭಾಷಣಕಾರರೂ ಒರೆಸಿಕೊಂಡರು. ಬೇಡವೆಂದ ಕೈ ಯಾವುದು ಅಂತ ಯೋಚಿಸುವಷ್ಟರಲ್ಲಿ ಉಪ್ಪಿಟ್ಟು ಬಂತು.

ಅಂತೂ ಅಂಗಡಿ ಆಯಿತು, ಸರ್ಕಾರದ ಸಾಲದಿಂದಲ್ಲ, ಅವ್ವನ ಓಲೆಯಿಂದ. ಅಸಲಿ ಕಷ್ಟ ಶುರುವಾದದ್ದು ಆಮೇಲೆ. ಊರಿನವರು ಒಳ್ಳೆಯವರು. "ಪಾಪ, ಕಾಲಿಲ್ದಿದ್ರೂವೆ ದುಡ್ಕಂಡ್ ತಿಂತಾನೆ ಕನ್ರಪ್ಪ" ಎಂದು ಲೊಚಗುಟ್ಟಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು "ಬರ್ಕಳಪ್ಪ" ಅಂತ ಹೋಗುತ್ತಾರೆ. ತಿಂಗಳ 800 ರೂಪಾಯಿ ವಾರದೊಳಗೆ ಊರಿನ ಕಡದ ಪುಸ್ತಕ ಸೇರುತ್ತದೆ. ಸರ್ಕಾರ ಇವನಿಗೆ ಸಾಮಾಜಿಕ ಭದ್ರತೆ ಕೊಟ್ಟರೆ ಇವನು ಅದನ್ನು ಊರಿಗೆ ಹಂಚುತ್ತಿದ್ದಾನೆ.

ಹೋದ ತಿಂಗಳು ರಟ್ಟಿನ ಮೇಲೆ ಮಸಿಯಲ್ಲಿ ಬರೆದು ನೇತುಹಾಕಿದ: "ಪಾಪ ಅನ್ನೋರ್ಗೆ ಕಡ ಇಲ್ಲ."

ಮಾರನೇ ದಿನ ಪಂಚಾಯಿತಿ ಮೆಂಬರು ಬಂದು ನಿಂತರು. ಬಾಯಿ ತೆರೆದವರು ಬೋರ್ಡು ನೋಡಿ ಮುಚ್ಚಿದರು. ಎರಡು ಸಲ ಓದಿಕೊಂಡರು. ಆಮೇಲೆ ಮುಖ ಅರಳಿಸಿ, "ಭಾರಿ ಗಟ್ಟಿ ಆಳು ಕನ್ಲಾ ನೀನು! ಒಂದ್ ಕಟ್ಟು ಬೀಡಿ ಕೊಡು, ಬರ್ಕೊ" ಎಂದರು.