ಹತ್ತಿಯ ಹಿಮ, ಸುಗ್ಗಿಯ ಕ್ರಿಸ್‌ಮಸ್

ಗದಗ-ಬೆಟಗೇರಿಯಲ್ಲಿ ಕ್ರಿಸ್‌ಮಸ್ ಬೇರೂರಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ದಾಟಿ ಬೆಟಗೇರಿ ಮುಟ್ಟಿದರು. ಅವರ ಊರಿನ ಪೈನ್ ಮರ ಮಾತ್ರ ಜೊತೆಗೆ ಬರಲಿಲ್ಲ. ಬಂದಿದ್ದರೂ ಇಲ್ಲಿನ ಬಿಸಿಲಿಗೆ ಬಾಡುತ್ತಿತ್ತು. ಆ ಕೊರತೆಯನ್ನು ಗಾಳಿಮರದ ಟೊಂಗೆ, ಈಚೆಗೆ ಪೆಟ್ಟಿಗೆಯಿಂದ ಬಿಚ್ಚುವ ಪ್ಲಾಸ್ಟಿಕ್ ಗಿಡ ತುಂಬಿವೆ. ಅದರ ಮೇಲೆ ಹತ್ತಿಯೇ ಹಿಮ. ಹತ್ತಿ ಬೆಳೆಯುವ ಸೀಮೆಯಲ್ಲಿ ಹಿಮಕ್ಕೇನು ಬರ?

ಡಿಸೆಂಬರ್ ಎಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಗಡಿಬಿಡಿ. ರೈತರ ಹಬ್ಬ ಎಳ್ಳಮಾಸಿಯೂ (ಎಳ್ಳು ಅಮಾವಾಸ್ಯೆ) ಆಗಾಗ ಕ್ರಿಸ್‌ಮಸ್ ಮಗ್ಗುಲಲ್ಲೇ ಬೀಳುತ್ತದೆ. ಹೀಗಾಗಿ ನಕ್ಷತ್ರ ಕಟ್ಟಲು ಏಣಿ ಹತ್ತಬೇಕಾದವರು ಹೊಲದಲ್ಲಿರುತ್ತಾರೆ, ಹೋದ ವರ್ಷದ ದೀಪದ ಸರ ಗಂಟುಗಂಟಾಗಿ ಪಡಸಾಲೆಯಲ್ಲಿ ಬಿದ್ದಿರುತ್ತದೆ. ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ಕರಿದ ಮೇಲೆಯೇ ಕೇಕಿನ ಸರದಿ. ನೆರೆಮನೆಗೆ ಹೋದ ತಟ್ಟೆ ಖಾಲಿ ಮರಳುವ ರೂಢಿಯಿಲ್ಲ; ಎಳ್ಳಮಾಸಿಯ ಕಡಬು ಹೇರಿಕೊಂಡೇ ಬರುತ್ತದೆ.