ಐವರು ಹೋದರು, ಬುಟ್ಟಿ ಉಳಿಯಿತು

"ಫೈನಲ್ ಇಯರ್ ಐದೂ ಮಂದಿ ಪಾಸಾಗಿ ಹೋದ್ರು ಸರ, ಬ್ಯಾಸ್ಕೆಟ್‌ಬಾಲ್ ಟೀಮಿನ ಗತಿ ಏನ್ರಿ?" ಸಿಂಧನೂರಿನ ಅಭಿಮಾನಿಯ ಗೋಳು ಇದು. ಮೂರು ವರ್ಷದ ಪದವಿಯಲ್ಲಿ ಆಟಗಾರರು ಹೋಗುವುದು ಅನಾಹುತವಲ್ಲ, ವೇಳಾಪಟ್ಟಿ. ಎಡದಂಡೆ ಕಾಲುವೆಯ ನೀರು ನೆಚ್ಚಿದ ಭತ್ತದ ರೈತ ನಾಟಿಗೆ ಮೊದಲೇ ಸಸಿಮಡಿ ಹಾಕುತ್ತಾನೆ. ಕಾಲೇಜು ಮಾತ್ರ ಸಸಿಗಳನ್ನು ಬೆಂಚಿನ ಮೇಲೇ ಒಣಗಿಸುತ್ತದೆ.

"ಲಿಂಗಸುಗೂರಿನಾಗೂ ಎತ್ತರದ ಹುಡುಗ್ರು ಸಿಗವಲ್ರು!" ಸಿಗದಿರಬಹುದು. ಆದರೆ ಅಂಕಣಕ್ಕೆ ಇಳಿಯುವವರು 5, ತಂಡದಲ್ಲಿ ಜಾಗ 12 ಮಂದಿಗೆ. ಉಳಿದ ಏಳು ಜನ ನೀರಿನ ಬಾಟಲಿ ಹಿಡಿದೇ ಪದವೀಧರರಾದರೆ ಅದು ಎತ್ತರದ ಕೊರತೆಯಲ್ಲ. "ಹೋದವರ ಹೆಸರನ್ನಾದ್ರೂ ಕಲ್ಲಿನಾಗ ಕೆತ್ತಸೂಣ್ರಿ." ಬೇಡ, ಆ ಕೆಲಸ ಮಸ್ಕಿಯಲ್ಲಿ ಅಶೋಕ ಎಂದೋ ಮುಗಿಸಿದ್ದಾನೆ. ಈ ವರ್ಷ ಸೋಲುತ್ತೀರಿ. ಸೋಲುವಾಗಲಾದರೂ ಮೊದಲ ವರ್ಷದವರನ್ನು ಆಡಿಸಿ.