ಸೋಫಾ ಮೇಲಿನ ಐನ್‌ಸ್ಟೀನ್

ಪಿಯುಸಿಯಲ್ಲಿ ಭೌತಶಾಸ್ತ್ರ ನನ್ನನ್ನು ಕನಿಕರದಿಂದ ಪಾಸು ಮಾಡಿತ್ತು. ಆದರೂ ಟೀವಿಯಲ್ಲಿ ಬಾಹ್ಯಾಕಾಶದ ಸಿನಿಮಾ ಬಂತೆಂದರೆ ನನ್ನೊಳಗಿನ ವಿಜ್ಞಾನಿ ಎದ್ದು ಪಂಚೆ ಬಿಗಿದುಕೊಳ್ಳುತ್ತಾನೆ. ನಿರ್ದೇಶಕರು ಕೋಟಿಗಟ್ಟಲೆ ಸುರಿದು ಮಾಡಿದ ತಪ್ಪುಗಳನ್ನು ಚುರುಮುರಿ ತಿನ್ನುತ್ತಾ ಪುಕ್ಕಟೆ ತಿದ್ದುವುದು ನನ್ನ ಪ್ರಕಾರ ಸಮಾಜಸೇವೆ. ಮನೆಯವರು ಅದಕ್ಕಿಟ್ಟಿರುವ ಹೆಸರು ಬೇರೆ.

‘ಸ್ಟಾರ್ ವಾರ್ಸ್’ನಲ್ಲಿ ನೌಕೆಯೊಂದು ಢಂ ಎಂದು ಸಿಡಿಯಿತು. ನಾನು ಸುಮ್ಮನಿರಲಾಗದೆ, “ಶಬ್ದ ಸಾಗೋಕೆ ಗಾಳಿನೋ ನೀರೋ ಏನಾದ್ರೂ ಬೇಕು. ಅಲ್ಲಿ ಎರಡೂ ಇಲ್ಲ. ಒಂದು ಚಿಟಿಕೆ ಸದ್ದೂ ಕೇಳಿಸಬಾರದು,” ಎಂದೆ. ಮಗಳು ರಿಮೋಟ್ ಎತ್ತಿ ಮ್ಯೂಟ್ ಒತ್ತಿದಳು. “ಈಗ ಸರಿ ಹೋಯ್ತಾ ಅಪ್ಪ?” ಸರಿ ಹೋಯಿತು, ಆದರೆ ಈಗ ಇಡೀ ಹಾಲ್‌ನಲ್ಲಿ ಕೇಳಿಸುತ್ತಿದ್ದದ್ದು ನನ್ನ ದನಿಯೊಂದೇ. ಎಲ್ಲರೂ ಒಮ್ಮತದಿಂದ ಮ್ಯೂಟ್ ತೆಗೆಸಿದರು.

2013ರ ‘ಗ್ರಾವಿಟಿ’ಯಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೊತ್ತಿಗೇ ನನಗೆ ಜ್ಞಾನೋದಯವಾಯಿತು. ಹಗ್ಗದ ತುದಿಯಲ್ಲಿ ತೇಲುತ್ತಿರುವ ಜಾರ್ಜ್ ಕ್ಲೂನಿ, ಸಾಂಡ್ರಾ ಬುಲಕ್ ಬದುಕಲೆಂದು ತನ್ನ ಕೊಂಡಿಯನ್ನು ತಾನೇ ಕಳಚಿಕೊಂಡು ದೂರ ಹೋಗಿಬಿಡುತ್ತಾನೆ. “ಅಲ್ವೇ, ಹಗ್ಗ ಬಿಗಿಯಾಗಿ ಅವನು ನಿಂತಾಯ್ತು. ಇಬ್ಬರೂ ಒಂದೇ ವೇಗದಲ್ಲಿ ಭೂಮಿ ಸುತ್ತುತಾ ಇದಾರೆ. ಅವನನ್ನ ಆಚೆ ಎಳೆಯೋರು ಯಾರು? ಹಗ್ಗನ ಮೆಲ್ಲಗೆ ಒಂದ್ಸಲ ಜಗ್ಗಿದ್ರೆ ತಾನೇ ತೇಲಿಕೊಂಡು ಬರ್ತಿದ್ದ,” ಎಂದೆ. ಅವಳು ತಿರುಗಿ ನೋಡಿದಳು. “ರೀ, ಆ ಹಗ್ಗದ ತುದೀಲಿ ನೀವಿದ್ದು, ಬಾಯಿ ಹೀಗೇ ನಡೀತಿದ್ರೆ, ನಾನೇ ಬಿಟ್ಬಿಡ್ತೀನಿ.” ನ್ಯೂಟನ್ನನ ಯಾವ ನಿಯಮವೂ ನನ್ನ ನೆರವಿಗೆ ಬರಲಿಲ್ಲ.

‘ದಿ ಮಾರ್ಷಿಯನ್’ ನೋಡುವಾಗ ಧಾರವಾಡದ ಅಮ್ಮನೂ ಜೊತೆಗಿದ್ದರು. ಮಂಗಳ ಗ್ರಹದ ವಾತಾವರಣ ನಮ್ಮದರ ಸುಮಾರು ನೂರನೇ ಒಂದು ಪಾಲಿನಷ್ಟು ತೆಳು, ಅಲ್ಲಿನ ಬಿರುಗಾಳಿ ರಾಕೆಟ್ಟನ್ನು ಉರುಳಿಸುವ ಮಾತೇ ಇಲ್ಲ ಎಂದು ನಾನು ಹೇಳುತ್ತಿದ್ದರೆ, ಅಮ್ಮನ ಕಣ್ಣು ನಾಯಕ ಬೆಳೆಯುತ್ತಿದ್ದ ಆಲೂಗಡ್ಡೆಯ ಮೇಲಿತ್ತು. “ಅಲ್ಲಿ ದನಾ ಇಲ್ಲ, ಎಮ್ಮಿ ಇಲ್ಲ. ಗೊಬ್ಬರ ಎಲ್ಲಿಂದ ತಂದ್ನೋ?” ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರವಿರುವ ನಾನು ತೆಪ್ಪಗಾದೆ. ಮಗಳು ಅಜ್ಜಿಯ ಕಿವಿಯಲ್ಲಿ ನಿಜ ಹೇಳಿದಳು. ಅವತ್ತು ರಾತ್ರಿ ಅಮ್ಮ ಬಟಾಟಿ ಪಲ್ಯ ಮುಟ್ಟಲಿಲ್ಲ.

ಅವರನ್ನು ಸಮಾಧಾನ ಮಾಡಿದ್ದು ಶುಭಾಂಶು ಶುಕ್ಲಾ. 2025ರಲ್ಲಿ ಅವರು ಅಂತರಿಕ್ಷ ನಿಲ್ದಾಣದಲ್ಲಿ ಮೆಂತೆ, ಹೆಸರುಕಾಳು ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಅಷ್ಟು ಎತ್ತರದಲ್ಲೂ ಭೂಮಿಯ ಸೆಳೆತ ಶೇಕಡ 90ರಷ್ಟು ಇರುತ್ತದೆ, ನಿಲ್ದಾಣ ಸದಾ ಬೀಳುತ್ತಲೇ ಸುತ್ತುವುದರಿಂದ ಒಳಗಿದ್ದವರಿಗೆ ತೂಕ ತಿಳಿಯುವುದಿಲ್ಲ ಎಂದು ನಾನು ಶುರು ಮಾಡಿದೆ. ಅಮ್ಮ ತಡೆದರು. “ನಮ್ಮ ಧಾರವಾಡದ್ದು ಅಂತ ಮೊದ್ಲ ಹೇಳಬಾರ್ದೇನು? ಉಳಿದದ್ದು ನಾಳಿ ಹೇಳು.” ಆ ನಾಳೆ ಇನ್ನೂ ಬಂದಿಲ್ಲ.

‘ಇಂಟರ್‌ಸ್ಟೆಲ್ಲರ್’ನಲ್ಲಿ ಮಾತ್ರ ನನ್ನ ಆಟ ಅಷ್ಟಾಗಿ ನಡೆಯಲಿಲ್ಲ. ಅದಕ್ಕೆ ಸಲಹೆ ಕೊಟ್ಟ ಕಿಪ್ ಥಾರ್ನ್ 2017ರಲ್ಲಿ ನೊಬೆಲ್ ಹಂಚಿಕೊಂಡ ಭೌತವಿಜ್ಞಾನಿ. ಕಪ್ಪುಕುಳಿಯ ಪಕ್ಕದ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ. ಮಗಳು ತಟ್ಟನೆ ಲೆಕ್ಕ ಹಾಕಿದಳು: “ಐದು ನಿಮಿಷಕ್ಕೆ ಏಳು ತಿಂಗಳು!” ಹೆಂಡತಿ, “ನಿಮ್ಮಪ್ಪ ಐದು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರ್ತೀನಿ ಅಂತ ಹೋಗೋದು ಅಲ್ಲಿಗೇ ಇರಬೇಕು,” ಎಂದಳು. ನಾನು ಮಾತು ಬದಲಿಸಿ ಜಿಪಿಎಸ್‌ಗೆ ಬಂದೆ. ಅದರ ಉಪಗ್ರಹಗಳ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೀನರ ಲೆಕ್ಕದಂತೆ ಸರಿಪಡಿಸದಿದ್ದರೆ ಒಂದೇ ದಿನಕ್ಕೆ ಸುಮಾರು 10 ಕಿಲೋಮೀಟರ್ ದಾರಿ ತಪ್ಪುತ್ತದೆ. “ಸರಿಪಡಿಸಿದ ಮೇಲೂ ನೀವು ನಮ್ಮಣ್ಣನ ಮಗಳ ಮದುವೆಗೆ ಬೇರೆ ಛತ್ರಕ್ಕೆ ಹೋಗಿ ಊಟ ಮಾಡಿ ಬಂದ್ರಲ್ಲ, ಅದಕ್ಕೆ ಯಾವ ಸಿದ್ಧಾಂತ?” ಎಂದಳು ಹೆಂಡತಿ.

ಆ ಚಿತ್ರದಲ್ಲಿ ಬೆಳೆಗಳು ಒಂದೊಂದಾಗಿ ಸತ್ತು ಭೂಮಿ ಧೂಳೆದ್ದಿರುತ್ತದೆ. ನನ್ನೊಳಗೆ ಲೋಕಕಲ್ಯಾಣದ ಚಿಂತೆ ಉಕ್ಕಿತು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಇಂಗಾಲದ ಡೈಆಕ್ಸೈಡ್ ಇದ್ದವು, ಈಗ 420 ದಾಟಿವೆ, ಮನುಷ್ಯನಿಗೆ ವಿವೇಕವೇ ಇಲ್ಲ ಎಂದು ಗದ್ಗದಿತನಾದೆ. ಹೆಂಡತಿ ಎದ್ದು ಬಾಲ್ಕನಿಗೆ ಹೋಗಿ, ಎಲೆ ಸುಟ್ಟು ಕಡ್ಡಿಯಾದ ತುಳಸಿ ಕುಂಡ ತಂದು ನನ್ನ ಮುಂದಿಟ್ಟಳು.

“ಏಸಿನ 18ಕ್ಕಿಟ್ಟು ಕಂಬಳಿ ಹೊದ್ದು ಭೂಮಿ ಉಳಿಸ್ತಾ ಇದೀರಿ. ಒಳಗಿನ ಬಿಸಿಯೆಲ್ಲ ಹೊರಗಡೆ ಇದರ ಮೇಲೆ ಬೀಳ್ತಿದೆ.”

ಥರ್ಮೋಡೈನಮಿಕ್ಸನ್ನು ಇಷ್ಟು ಚೊಕ್ಕವಾಗಿ ನನ್ನ ಮೇಷ್ಟ್ರೂ ಹೇಳಿರಲಿಲ್ಲ. ಏಸಿ ಚಳಿಯನ್ನು ಹುಟ್ಟಿಸುವುದಿಲ್ಲ. ಕೋಣೆಯ ಶಾಖವನ್ನು ಎತ್ತಿ, ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಹೊರಗೆಸೆಯುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿತಾಯ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಂಬಳಿ ಹೊದ್ದಿದ್ದೆ.

ವಿಜ್ಞಾನ ಬೋಧಿಸುವ ಚಟವಿರುವ ಗಂಡಂದಿರಲ್ಲಿ ಒಂದು ವಿನಂತಿ: ಬಾಯಿ ತೆರೆಯುವ ಮೊದಲು ಏಸಿಯನ್ನು 24ಕ್ಕೆ ಇಡಿ. ಹಾಲಿವುಡ್‌ನವರ ತಪ್ಪನ್ನು ಆಮೇಲೆ ತಿದ್ದಿದರೂ ನಡೆಯುತ್ತದೆ, ಅವರು ಕಾಯುತ್ತಾರೆ.